ಹೊಲಿಗೆ ಬೇಡದ ಸ್ಕ್ರೂ ಬಕಲ್: 22 ತಿಂಗಳು ಹಾಕಿ ನೋಡಿದ ಮೇಲೆ

ನನ್ನ ಕೆಲಸ ಮನೆ ಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರೋದು. ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆ ಓಡಾಟ. ಬೆಳಿಗ್ಗೆ ಆರಕ್ಕೆ ಮೊದಲ ಮನೆ. ದಿನಕ್ಕೆ ಹೆಚ್ಚುಕಮ್ಮಿ ಹತ್ತು ಮನೆ. ಹತ್ತೂ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಮತ್ತೆ ಹಾಕಬೇಕು. ಒಂದು ಕೈಯಲ್ಲಿ ಐಸ್ ಪ್ಯಾಕ್ ಇಟ್ಟ ಡಬ್ಬಿ. ಒಳಗಿನಿಂದ "ಇನ್ನೂ ಕಾಫಿ ಕುಡಿದಿಲ್ಲ ಕಣಮ್ಮ, ಬೇಗ ಬಾ" ಅನ್ನುವ ದನಿ. ರಾತ್ರಿಯಿಂದ ಉಪವಾಸ ಇರುವವರ ಮನೆ ಬಾಗಿಲಲ್ಲಿ ಬಕಲ್ ಬಿಚ್ಚುತ್ತಾ ಬಗ್ಗಿ ನಿಂತು ನೋಡಿ, ಆಗ ಗೊತ್ತಾಗುತ್ತದೆ.

ಗೇಟಿನೊಳಗೆ ನಾಯಿ ಇರುತ್ತದೆ, ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ, ಸ್ಕೂಟರ್ ಬೇರೆ ಓಡಿಸಬೇಕು. ಹಾಗಾಗಿ ಹವಾಯಿ ಚಪ್ಪಲಿ ನನಗೆ ಆಗೋಲ್ಲ. ಹಿಮ್ಮಡಿಗೆ ಪಟ್ಟಿ ಇರುವ ಚರ್ಮದ ಸ್ಯಾಂಡಲ್ಲೇ ಬೇಕು. ಆದರೆ ಪ್ರತಿ ಸ್ಯಾಂಡಲ್ ಸಾಯುವುದೂ ಒಂದೇ ಜಾಗದಲ್ಲಿ. ಅಟ್ಟೆ ಚೆನ್ನಾಗಿರುತ್ತದೆ, ಪಟ್ಟಿ ಚೆನ್ನಾಗಿರುತ್ತದೆ, ಬಕಲ್ ಹೊಲಿದ ಕಡೆ ಮಾತ್ರ ಕಿತ್ತು ಬರುತ್ತದೆ.

ನಮ್ಮ ರಸ್ತೆ ತಿರುವಿನಲ್ಲಿ ಚಪ್ಪಲಿ ರಿಪೇರಿ ಮಾಡುವ ತಾತ ಒಬ್ಬರಿದ್ದಾರೆ. ಒಂದೇ ಸ್ಯಾಂಡಲ್ಲಿನ ಅದೇ ಬಕಲನ್ನು ಮೂರು ಸಲ ಹೊಲಿದು ಕೊಟ್ಟಿದ್ದರು. ನಾಲ್ಕನೇ ಸಲ ಹೋದಾಗ ಪಟ್ಟಿಯ ತುದಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಸಾಲಾಗಿ ಸೂಜಿ ತೂತುಗಳು. ಒಂದರ ಪಕ್ಕ ಇನ್ನೊಂದು, ಹರಿಯೋಕೆ ಅಂತಲೇ ಗುರುತು ಹಾಕಿಟ್ಟ ರಸೀದಿ ಪುಸ್ತಕದ ಹಾಳೆ ಥರ. "ಇನ್ನೊಂದ್ಸಲ ಸೂಜಿ ಹಾಕಿದ್ರೆ ಕೈಗೆ ಬತ್ತದೆ ಕಣವ್ವ" ಅಂದರು. ದಾರ ಹೋಗಿದ್ದಲ್ಲ, ತೂತುಗಳ ನಡುವಿನ ಚರ್ಮವೇ ಹೋಗಿತ್ತು. ಪ್ರತಿ ಸಲ ಹೊಲಿದಾಗಲೂ ಪಟ್ಟಿಗೆ ಇನ್ನಷ್ಟು ತೂತು ಬಿದ್ದಿತ್ತು, ಅಷ್ಟೆ.

ಹಾಗೆ ಆನ್‌ಲೈನ್‌ನಲ್ಲಿ ಹುಡುಕಿ ತರಿಸಿದ್ದು ಈ ಸ್ಕ್ರೂ ಬಕಲ್. ಕಂಪನಿ ಹೆಸರಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಬರುತ್ತದೆ. ನಾಲ್ಕು ಬಕಲ್, ಎಂಟು ಸ್ಕ್ರೂ, ಬೆರಳುದ್ದದ ಒಂದು ಸ್ಕ್ರೂಡ್ರೈವರ್. 280 ರೂಪಾಯಿ ಕೊಟ್ಟೆ. 2023ರ ಜೂನ್‌ನಲ್ಲಿ ಹಾಕಿದ್ದು, 22 ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ. ತಿಂಗಳಿಗೆ 25 ದಿನ, ದಿನಕ್ಕೆ ಹತ್ತು ಮನೆ ಅಂತ ಹಿಡಿದರೂ ಒಂದೊಂದು ಕಾಲಿನ ಸ್ಯಾಂಡಲ್ 5,500 ಸಲ ಬಿಚ್ಚಿ ಹಾಕಿದ ಲೆಕ್ಕ. ಸಾಮಾನು ಬಂದ ದಿನವೇ ಐದು ಸ್ಟಾರ್ ಒತ್ತಿ "ಸೂಪರ್ ಪ್ಯಾಕಿಂಗ್" ಅಂತ ಬರೆದವರ ಮಾತು ಪಕ್ಕಕ್ಕಿಟ್ಟು ಇದನ್ನು ಓದಿ.

ಇದು ಕೂರುವ ರೀತಿ ಸುಲಭ. ಪಟ್ಟಿಯ ತುದಿಯನ್ನು ಬಕಲಿನ ಕಂಬಿ ಸುತ್ತ ಮಡಚಬೇಕು. ಮಡಿಕೆಯ ಎರಡು ಪದರವನ್ನೂ ಒಟ್ಟಿಗೆ ತೂತು ಮಾಡಬೇಕು. ಒಂದು ಕಡೆಯಿಂದ ಸಣ್ಣ ಕೊಳವೆ, ಇನ್ನೊಂದು ಕಡೆಯಿಂದ ಸ್ಕ್ರೂ. ಎರಡೂ ಒಂದಕ್ಕೊಂದು ಕೂತು ಪದರಗಳನ್ನು ಒತ್ತಿ ಹಿಡಿಯುತ್ತವೆ. ಡೈರಿ, ಆಲ್ಬಂಗಳ ಬೆನ್ನಿನಲ್ಲಿ ಹಿತ್ತಾಳೆ ಗುಂಡಿ ಥರ ಕಾಣುತ್ತದಲ್ಲ, ಅದೇ ಜಾತಿ. ಬಕಲಿನ ಮುಳ್ಳು ಹೊರಗೆ ಬರೋಕೆ ಮಡಿಕೆಯಲ್ಲಿ ಒಂದು ಉದ್ದ ಸೀಳು ಬೇಕು. ಆ ಸೀಳಿನ ಎರಡು ತುದಿಗೂ ಮೊದಲು ದುಂಡನೆ ತೂತು ಹಾಕಿ, ಆಮೇಲೆ ನಡುವೆ ಕತ್ತರಿಸಬೇಕು. ನಾನು ಸುಮ್ನೆ ಬ್ಲೇಡಿನಲ್ಲಿ ಗೀರಿದೆ. ಮೂರು ವಾರದಲ್ಲಿ ಸೀಳು ತಾನಾಗಿ ಉದ್ದ ಬೆಳೆಯಿತು. ದುಂಡು ತೂತಿದ್ದರೆ ಹರಿಯುವುದು ಅಲ್ಲಿಗೇ ನಿಲ್ಲುತ್ತದೆ ಅಂತ ತಾತ ಆಮೇಲೆ ಹೇಳಿದರು. ಮೊದಲೇ ಕೇಳಬೇಕಿತ್ತು.

ಮೊದಲ ಎರಡು ತಿಂಗಳು ನಾನು ಹಿಗ್ಗಿದ್ದೇ ಹಿಗ್ಗಿದ್ದು. ಹೊಲಿಗೆ ಇಲ್ಲ, ರಿಪೇರಿ ಇಲ್ಲ. ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ, ಸರಸ್ವತಿಪುರಂನ ಒಂದು ಮನೆಯಿಂದ ಹೊರಗೆ ಬಂದು ಎಡಗಾಲಿನ ಸ್ಯಾಂಡಲ್ ಹಾಕುತ್ತೇನೆ, ಬಕಲ್ ಕೈಯಲ್ಲೇ ಬಂತು. ಸ್ಕ್ರೂ ಎಲ್ಲೋ ಬಿದ್ದುಹೋಗಿದೆ. ಆ ಮನೆಯ ಹುಡುಗ ಮೊಬೈಲ್ ಟಾರ್ಚ್ ಹಾಕಿಕೊಂಡು ರಂಗೋಲಿ ಸುತ್ತ, ತುಳಸಿ ಕಟ್ಟೆ ಹಿಂದೆ ಎಲ್ಲ ಹುಡುಕಿದ. ಸಿಗಲಿಲ್ಲ. ಇನ್ನೂ ನಾಲ್ಕು ಮನೆ ಬಾಕಿ. ಕೊನೆಗೆ ರಕ್ತ ತೆಗೆಯುವಾಗ ತೋಳಿಗೆ ಬಿಗಿಯುವ ರಬ್ಬರ್ ಪಟ್ಟಿ ಇರುತ್ತದಲ್ಲ, ಹೊಸದೊಂದನ್ನು ತೆಗೆದು ಸ್ಯಾಂಡಲ್ಲಿಗೆ ಬಿಗಿದೆ. ನೀಲಿ ರಬ್ಬರ್ ಕಟ್ಟಿಕೊಂಡು ನಾಲ್ಕು ಮನೆ ತಿರುಗಿದೆ. ಒಬ್ಬ ಅಜ್ಜಿ ಕಾಲಿಗೆ ಏನಾಯ್ತಮ್ಮ ಅಂತ ಕೇಳಿದರು.

ಸ್ಕ್ರೂ ಯಾಕೆ ಬಿಚ್ಚಿತು ಅಂತ ಆಮೇಲೆ ಕೂತು ನೋಡಿದೆ. ನನ್ನ ಪಟ್ಟಿ 2 ಮಿಲಿಮೀಟರ್ ದಪ್ಪ. ಮಡಚಿದರೆ 4. ಕವರಿನಲ್ಲಿ ಬಂದ ಕೊಳವೆ 6 ಮಿಲಿಮೀಟರ್ ಉದ್ದ. ಅಂದರೆ ಎಷ್ಟೇ ತಿರುಗಿಸಿದರೂ ಸ್ಕ್ರೂ ಕೊಳವೆಗೆ ಬಿಗಿಯಾಗುತ್ತದೆ, ಚರ್ಮಕ್ಕೆ ಆಗುವುದಿಲ್ಲ. ನಡುವೆ 2 ಮಿಲಿಮೀಟರ್ ಸಡಿಲ. ಪ್ರತಿ ಹೆಜ್ಜೆಗೂ ಪಟ್ಟಿ ಆ ಕಡೆ ಈ ಕಡೆ ಎಳೆಯುತ್ತದೆ, ಸ್ಕ್ರೂವಿನ ತಲೆ ಕೂದಲೆಳೆಯಷ್ಟು ತಿರುಗುತ್ತದೆ. ದಿನಕ್ಕೆ ಸಾವಿರಾರು ಹೆಜ್ಜೆ, ಎರಡು ತಿಂಗಳು. ಬಿಚ್ಚದೆ ಇನ್ನೇನಾಗುತ್ತದೆ? ಕೊಳವೆ ಸರಿ ಅಳತೆಯದ್ದಾದರೂ ನೆಮ್ಮದಿ ಇಲ್ಲ. ಚರ್ಮ ಒತ್ತಿದ ಕಡೆ ದಿನ ಕಳೆದಂತೆ ಕುಗ್ಗುತ್ತದೆ. ಇವತ್ತಿನ ಬಿಗಿ ತಿಂಗಳಾದ ಮೇಲೆ ಇರುವುದಿಲ್ಲ.

ಎಡಗಾಲಿನದ್ದೇ ಯಾಕೆ ಮೊದಲು ಬಿಚ್ಚಿತು ಅಂತ ನನ್ನ ತಮ್ಮನ ಹತ್ತಿರ ಚರ್ಚೆಯಾಯಿತು. ಸೈಕಲ್ಲಿನ ಎಡ ಪೆಡಲ್ಲಿಗೆ ಉಲ್ಟಾ ಥ್ರೆಡ್ ಇರುತ್ತದೆ, ತುಳಿಯುವಾಗ ತಾನೇ ಬಿಚ್ಚಿಕೊಳ್ಳದಿರಲಿ ಅಂತ. ಇಲ್ಲೂ ಹಾಗೇ ಏನೋ ಇರಬೇಕು ಅಂತ ಅವನ ವಾದ. ಸ್ಕೂಟರ್ ನಿಲ್ಲಿಸುವಾಗಲೆಲ್ಲ ನಾನು ಊರುವುದು ಎಡಗಾಲನ್ನೇ ಅನ್ನುವುದು ನನ್ನ ವಾದ. ಇನ್ನೂ ತೀರ್ಮಾನ ಆಗಿಲ್ಲ.

ರಿಪೇರಿ ಮಾತ್ರ ಆಯಿತು. ತಾತ ಹಳೆ ಸೈಕಲ್ ಟ್ಯೂಬಿನಿಂದ ಕಡಲೆಬೇಳೆ ಗಾತ್ರದ ಬಿಲ್ಲೆ ಕತ್ತರಿಸಿ, ನಡುವೆ ತೂತು ಹಾಕಿ, ಚರ್ಮದ ಎರಡೂ ಕಡೆ ವಾಷರ್ ಥರ ಕೂರಿಸಿದರು. ರಬ್ಬರ್ ಆ 2 ಮಿಲಿಮೀಟರ್ ಜಾಗವನ್ನೂ ತುಂಬಿತು, ಚರ್ಮ ಕುಗ್ಗಿದಂತೆ ತಾನು ಹಿಗ್ಗಿ ಬಿಗಿಯನ್ನೂ ಉಳಿಸಿತು. ನಾನು ಥ್ರೆಡ್‌ಗೆ ಒಂದು ಹನಿ ನೇಲ್ ಪಾಲಿಶ್ ಹಚ್ಚಿದೆ. ಇದು ಹಳೆಯ ಉಪಾಯ. ಬೇಕೆಂದಾಗ ಸ್ಕ್ರೂಡ್ರೈವರಿಗೆ ಬಿಚ್ಚಿಕೊಳ್ಳುತ್ತದೆ, ತಾನಾಗಿ ಬಿಚ್ಚುವುದಿಲ್ಲ. ಗಟ್ಟಿ ಗೋಂದು ಹಾಕಬೇಡಿ, ಆಮೇಲೆ ಬಿಚ್ಚೋಕೆ ಆಗದೆ ಹಳಿದುಕೊಳ್ಳುತ್ತೀರಿ. ಅಲ್ಲಿಂದ ಇಲ್ಲಿವರೆಗೆ ಒಂದು ಸ್ಕ್ರೂವೂ ಬಿದ್ದಿಲ್ಲ. ಆದರೆ ಒಂದು ಮಾತು, ಈ ಬಿಲ್ಲೆ ಬಕಲಿನ ಜೊತೆಗೇ ಕವರಿನಲ್ಲಿ ಬರಬೇಕಿತ್ತು. 4, 5, 6 ಮಿಲಿಮೀಟರಿನ ಕೊಳವೆಗಳನ್ನಾದರೂ ಕೊಡಬೇಕಿತ್ತು. ಮಾರುವವರಿಗೆ ಎರಡು ಸಲ ಬರೆದೆ. "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಅಂತ ಎರಡು ಸಲ ಉತ್ತರ ಬಂತು.

ಲೋಹದ ವಿಷಯ. "ಹಿತ್ತಾಳೆ" ಅಂತ ಬರೆದಿದ್ದರು. ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ ಹಿಡಿದು ನೋಡಿದೆ, ಅಂಟಲಿಲ್ಲ. ಹಾಗಾದರೆ ಹಿತ್ತಾಳೆಯೇ ಅಂದುಕೊಂಡೆ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಮೇಲಿನ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಉಗುರಲ್ಲಿ ಕೆರೆದರೆ ಒಳಗೆ ಬೂದಿ ಬಣ್ಣ. ಸತುವಿನ ಮಿಶ್ರಲೋಹ, ಮೇಲೆ ಬರೀ ಲೇಪ. ಸತುವಿಗೂ ಮ್ಯಾಗ್ನೆಟ್ ಅಂಟುವುದಿಲ್ಲ, ಹಾಗಾಗಿ ಆ ಪರೀಕ್ಷೆ ನಂಬಬೇಡಿ. ಬಕಲಿನ ಹಿಂಭಾಗದಲ್ಲಿ ಪಿನ್ನಿನಿಂದ ಗೀರಿ ನೋಡಿ. ಹಳದಿ ಕಂಡರೆ ಹಿತ್ತಾಳೆ. ನಿಕ್ಕಲ್ ಲೇಪ ಆಗದವರು ಇನ್ನೂ ಹುಷಾರಾಗಿರಬೇಕು. ಬೆವರು ತಾಗಿದ ಕಡೆ ಕಡಿತ, ಗಂದೆ ಏಳುತ್ತದೆ. ಯೂರೋಪಿನಲ್ಲಿ ಮೈಗೆ ತಾಗುವ ಬಕಲ್, ಗುಂಡಿಗಳಿಂದ ಎಷ್ಟು ನಿಕ್ಕಲ್ ಬಿಡಬಹುದು ಅನ್ನೋದಕ್ಕೆ ಕಾನೂನಿನ ಮಿತಿಯೇ ಇದೆ. ನನಗೆ ಕಡಿತ ಬರಲಿಲ್ಲ, ನನ್ನ ಜೊತೆ ಕೆಲಸ ಮಾಡುವವಳಿಗೆ ಎರಡೇ ದಿನದಲ್ಲಿ ಬಂತು. ಉಳಿದ ಎರಡು ಬಕಲ್ ಹಾಕಿಸಿಕೊಂಡಿದ್ದವಳು ಬಿಚ್ಚಿ ವಾಪಸ್ ಕೊಟ್ಟಳು.

ಇನ್ನೊಂದು ತಪ್ಪು ನನ್ನದೇ. ಸ್ಕ್ರೂವಿನ ತಲೆ ಒಳಗಡೆ ಬರುವ ಹಾಗೆ ಹಾಕಿದ್ದೆ, ಹೊರಗೆ ಚಂದ ಕಾಣಲಿ ಅಂತ. ಅದರ ಗೀರು ಕಾಲಿನ ಹರಡಿನ ಮೂಳೆಗೆ ತಾಗಿ ಒಂದು ವಾರ ಗಾಯ. ನುಣುಪಾದ ಕೊಳವೆಯ ತಲೆ ಒಳಗಿರಬೇಕು, ಗೀರಿರುವ ತಲೆ ಹೊರಗೆ.

ನಡುವೆ ಬೇರೆ ಥರದ್ದೂ ಒಂದು ನೋಡಿದೆ. ತೂತೂ ಬೇಡ, ಸ್ಕ್ರೂವೂ ಬೇಡ, ಹಲ್ಲಿರುವ ತಗಡು ಪಟ್ಟಿಯನ್ನು ಕಚ್ಚಿ ಹಿಡಿಯುತ್ತದೆ. ಎರಡು ವಾರ ಕಚ್ಚಿತು, ಆಮೇಲೆ ತಿಂದೇ ಹಾಕಿತು. ಅದರ ಬಗ್ಗೆ ಇಷ್ಟು ಸಾಕು. ವೆಲ್ಕ್ರೋ ಹಾಕಿಸು ಅಂದವರೂ ಇದ್ದಾರೆ. ನಾಯಿ ಇರುವ ನಾಲ್ಕು ಮನೆಗೆ ಹೋಗಿ ಬಂದರೆ ವೆಲ್ಕ್ರೋ ತುಂಬ ಕೂದಲು.

ಈಗ ನನ್ನ ಮುಖ್ಯ ತಕರಾರು. ಈ ಬಕಲನ್ನು ಯಾರು ಡಿಸೈನ್ ಮಾಡಿದರೋ ಅವರು ಬೆಳಿಗ್ಗೆ ಶೂ ಹಾಕಿ ರಾತ್ರಿ ತೆಗೆಯುವವರು. ಒಂದು ಬಕಲ್ ಎರಡು ಕೆಲಸ ಮಾಡುತ್ತದೆ. ಪಟ್ಟಿ ಎಷ್ಟು ಬಿಗಿ ಇರಬೇಕು ಅಂತ ಅಳತೆ ಹೊಂದಿಸುವುದು ಒಂದು, ಬಿಚ್ಚಿ ಹಾಕುವುದು ಇನ್ನೊಂದು. ಅಳತೆ ನಾನು ತಿಂಗಳಿಗೊಮ್ಮೆ ಬದಲಿಸಿದರೆ ಹೆಚ್ಚು. ಬಿಚ್ಚುವುದು ದಿನಕ್ಕೆ ಹತ್ತು ಸಲ. ಆದರೆ ಬಿಚ್ಚಬೇಕು ಅಂದರೆ ಅಳತೆಯನ್ನೂ ಕೆಡಿಸಲೇಬೇಕು. ಪಟ್ಟಿ ಎಳಿ, ಮುಳ್ಳು ತೆಗಿ, ಮತ್ತೆ ಅದೇ ತೂತು ಹುಡುಕು. ಅವಸರದಲ್ಲಿ ನಾವು ಏನು ಮಾಡುತ್ತೇವೆ? ಬಿಚ್ಚುವುದೇ ಇಲ್ಲ. ಹಿಮ್ಮಡಿ ತುಳಿದು ಕಾಲು ಎಳೆದುಕೊಳ್ಳುತ್ತೇವೆ. ಆ ಎಳೆತ ಅಷ್ಟೂ ಬೀಳುವುದು ಬಕಲಿನ ಬುಡಕ್ಕೆ. ಹೊಲಿಗೆ ಕಿತ್ತಿದ್ದೂ ಹೀಗೇ, ಸ್ಕ್ರೂ ಸಡಿಲವಾಗಿದ್ದೂ ಹೀಗೇ. ತಪ್ಪನ್ನು ದಾರದ ಮೇಲೆ ಹಾಕಿ ಇಷ್ಟು ವರ್ಷ ಕಳೆದೆ.

ಇದಕ್ಕೆ ದಾರಿ ಸಿಕ್ಕಿದ್ದು ಡ್ಯಾನ್ಸ್ ಶೂಗಳಲ್ಲಿ. ಜೋಡಿ ನೃತ್ಯಕ್ಕೆ ಹಾಕುವ ಪಟ್ಟಿ ಇರುವ ಶೂಗಳಿಗೆ ಕೊಕ್ಕೆ ಬಕಲ್ ಇರುತ್ತದೆ. ಪಟ್ಟಿಯನ್ನು ಒಂದು ಸಲ ಸರಿಯಾದ ತೂತಿಗೆ ಸಿಕ್ಕಿಸಿ ಬಿಟ್ಟರೆ ಮುಗಿಯಿತು. ದಿನಾ ಬಿಚ್ಚುವುದು ಬಕಲಿನ ಹಿಂದಿರುವ ಕೊಕ್ಕೆಯನ್ನು ಮಾತ್ರ. ಒಂದೇ ಕೈ ಸಾಕು, ಬ್ಲೌಸಿನ ಹುಕ್ಕಿನಷ್ಟು ಸುಲಭ. ಅಂಥ ಒಂದು ಜೊತೆ ತರಿಸಿ, ಹಳೆ ಕವರಿನ ಸ್ಕ್ರೂಗಳಿಂದಲೇ ಪಟ್ಟಿಗೆ ಕೂರಿಸಿದೆ. ಕಳೆದ ಎಂಟು ತಿಂಗಳಿಂದ ಅದೇ ನಡೆಯುತ್ತಿದೆ. ಬಾಗಿಲಲ್ಲಿ ಬಗ್ಗಿ, ಒಂದು ಟಿಕ್, ಒಳಗೆ. ಡಬ್ಬಿ ಕೆಳಗಿಡಬೇಕಿಲ್ಲ. ಕಾಲೆಳೆಯುವ ಚಾಳಿ ತಾನಾಗಿ ಬಿಟ್ಟುಹೋಯಿತು.

ಸ್ಕ್ರೂ ಹಾಕುವವರು ಪಟ್ಟಿಯ ಅಗಲ ನೋಡಿಕೊಳ್ಳಿ. ನನ್ನದು 15 ಮಿಲಿಮೀಟರ್. 5ರ ತೂತು ಹಾಕಿದರೆ ಎರಡೂ ಪಕ್ಕ ಐದೈದು ಉಳಿಯುತ್ತದೆ. ಇದಕ್ಕಿಂತ ತೀರ ಸಣ್ಣ ಪಟ್ಟಿಗೆ ಈ ಸ್ಕ್ರೂ ಬೇಡ. ಉದ್ದದಲ್ಲಿ ಜಾಗ ಇದ್ದರೆ ಒಂದರ ಹಿಂದೆ ಒಂದು ಎರಡು ಸ್ಕ್ರೂ ಹಾಕಿ. ಒಂದೇ ಸ್ಕ್ರೂ ಇದ್ದರೆ ಪದರಗಳು ಅದರ ಸುತ್ತ ತಿರುಗುತ್ತವೆ, ಎರಡಿದ್ದರೆ ತಿರುಗೋಕೆ ಆಗುವುದಿಲ್ಲ. ರೆಕ್ಸಿನ್ ಪಟ್ಟಿಗೆ ಹಾಕಲೇಬೇಡಿ. ಅದರೊಳಗೆ ಬಟ್ಟೆ, ಸ್ಪಂಜು, ತೂತಿನಿಂದಲೇ ಪದರ ಬಿಡುತ್ತದೆ.

ಹೊಲಿಗೆ ಇಲ್ಲದ ಬಕಲ್ ಹೊಸ ಉಪಾಯ ಅಂದುಕೊಂಡಿದ್ದೆ. ಅಲ್ಲವಂತೆ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ಅನ್ನುವವರು ತಮ್ಮ ದಿನಚರಿಯಲ್ಲಿ, 1660ರ ಜನವರಿ 22ರಂದು, ಶೂಗಳಿಗೆ ಬಕಲ್ ಹಾಕಲು ಶುರುಮಾಡಿದೆ ಅಂತ ಬರೆದುಕೊಂಡಿದ್ದಾರೆ. ಮುಂದಿನ ನೂರು ಚಿಲ್ಲರೆ ವರ್ಷ ಅಲ್ಲಿ ಬಕಲ್ ಅಂದರೆ ಒಡವೆ. ಶೂಗೆ ಹೊಲಿಯುತ್ತಿರಲಿಲ್ಲ. ಹಿಂದಿನ ಮುಳ್ಳುಗಳನ್ನು ಪಟ್ಟಿಗೆ ಚುಚ್ಚಿ ಕೂರಿಸುತ್ತಿದ್ದರು. ಶೂ ಸವೆದರೆ ಬಕಲ್ ತೆಗೆದು ಹೊಸ ಶೂಗೆ. 1790ರ ದಶಕದ ಆರಂಭದಲ್ಲಿ ಶೂಗೆ ದಾರ ಕಟ್ಟುವ ಫ್ಯಾಷನ್ ಬಂದಾಗ ಬರ್ಮಿಂಗ್‌ಹ್ಯಾಮ್ ಕಡೆಯ ಬಕಲ್ ಮಾಡುವವರು ಹೊಟ್ಟೆಪಾಡಿಗೆ ಕುತ್ತು ಬಂತು ಅಂತ ಯುವರಾಜನಿಗೆ ಮನವಿ ಕೊಟ್ಟರು. ದಾರವೇ ಗೆದ್ದಿತು.

ಬಕಲನ್ನು ಒಂದು ಜೊತೆಯಿಂದ ಇನ್ನೊಂದಕ್ಕೆ ಸಾಗಿಸುವ ಭಾಗ್ಯ ನನಗೂ ಬಂತು. ಜನವರಿಯಲ್ಲಿ ಹಳೆ ಸ್ಯಾಂಡಲ್ಲಿನ ಅಟ್ಟೆ ಸವೆದು ಹೋಯಿತು. ಸ್ಕ್ರೂ ಬಿಚ್ಚಿ, ಕೊಕ್ಕೆ ಬಕಲ್ ತೆಗೆದು, ಹೊಸದಕ್ಕೆ ಹಾಕಿಸಿದೆ. ತಾತ ಪಂಚ್ ಇಟ್ಟು ಎರಡು ಏಟು ಹಾಕಿದರು, ಹತ್ತು ನಿಮಿಷದ ಕೆಲಸ. 30 ರೂಪಾಯಿ ಕೊಟ್ಟೆ. "ಹೊಲಿಗೆ ಇಲ್ದಿದ್ರೆ ನಂಗೆ ಕೆಲ್ಸ ಎಲ್ಲವ್ವ" ಅಂತ ನಕ್ಕರು. ಆದರೆ ಗೆಳತಿ ವಾಪಸ್ ಕೊಟ್ಟ ಎರಡು ಬಕಲನ್ನೂ ಕೇಳಿ ತೆಗೆದುಕೊಂಡರು. ಹೋದ ವಾರ ನೋಡಿದರೆ ಅವು ಯಾರದೋ ಸ್ಕೂಲ್ ಮಗುವಿನ ಶೂ ಮೇಲಿದ್ದವು, ಕಪ್ಪು ಪಾಲಿಶ್ ಹಚ್ಚಿಕೊಂಡು, ಸೈಕಲ್ ಟ್ಯೂಬಿನ ಬಿಲ್ಲೆ ಸಮೇತ.

ಕವರಿನಲ್ಲಿ ಬಂದ ಬಕಲಿಗೆ ಐದರಲ್ಲಿ ಎರಡು, ಸ್ಕ್ರೂಗಳಿಗೆ ನಾಲ್ಕು. ಉಳಿದ ಒಂದು ಸ್ಕ್ರೂ ನನ್ನ ಬ್ಯಾಗಿನಲ್ಲಿ ಸ್ಪಿರಿಟ್ ಹತ್ತಿಯ ಪೊಟ್ಟಣದ ಪಕ್ಕ ಇದೆ.