ಬಾರ್ಥೆಲ್ ಸೂಚ್ಯಂಕವೋ, ಕೇರ್ ಡಿಪೆಂಡೆನ್ಸಿ ಸ್ಕೇಲೋ?

ಹೃದಯ ವೈಫಲ್ಯದ ರೋಗಿಗೆ ಎಷ್ಟು ಆಸರೆ ಬೇಕು ಅಂತ ಅಳೆಯಲು ಯಾವುದು ಒಳ್ಳೆಯದು? 1965ರ ಬಾರ್ಥೆಲ್‌ನಲ್ಲಿ 10 ಅಂಶ, ಒಟ್ಟು 100 ಅಂಕ. ಊಟ, ಸ್ನಾನ, ಮೆಟ್ಟಿಲು ಹತ್ತುವುದು ಇತ್ಯಾದಿ. ಬೇಗ ಮುಗಿಯುತ್ತದೆ. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಕೇರ್ ಡಿಪೆಂಡೆನ್ಸಿ ಸ್ಕೇಲ್‌ನಲ್ಲಿ 15 ಅಂಶ, 15ರಿಂದ 75 ಅಂಕ. ಎರಡರಲ್ಲೂ ಅಂಕ ಕಡಿಮೆಯಾದಷ್ಟೂ ಅವಲಂಬನೆ ಜಾಸ್ತಿ.

ನನ್ನ ಮತ ಎರಡನೆಯದಕ್ಕೆ. ಉದಾಹರಣೆಗೆ, ಇಂಥ ರೋಗಿಯಾದ ಅಜ್ಜ ತಾವೇ ಕಲಸಿಕೊಂಡು ಉಣ್ಣುತ್ತಾರೆ, ಬಾರ್ಥೆಲ್‌ನಲ್ಲಿ ಊಟಕ್ಕೆ ಪೂರ್ತಿ ಅಂಕ. ಆದರೆ ನಡುರಾತ್ರಿ ಉಸಿರು ಕಟ್ಟಿ ಎದ್ದಾಗ ಬೆನ್ನಿಗೆ ಮೂರು ದಿಂಬು ಒರಗಿಸುವುದು ಅಜ್ಜಿ, ಅಲ್ವಾ? ಹಗಲು-ರಾತ್ರಿಯ ಲಯ, ಅಪಾಯ ತಪ್ಪಿಸಿಕೊಳ್ಳುವುದು, ಜನರ ಒಡನಾಟ ಎಲ್ಲವನ್ನೂ ಈ ಸ್ಕೇಲ್ ಕೇಳುತ್ತದೆ.

ಅಜ್ಜಿಯ ದಣಿವನ್ನು ಮಾತ್ರ ಎರಡೂ ಅಳೆಯುವುದಿಲ್ಲ. ಅದಕ್ಕೆ 22 ಪ್ರಶ್ನೆಗಳ ಜರಿಟ್ ಪ್ರಶ್ನಾವಳಿ ಇದೆ. ಅಜ್ಜನ ಎದುರು ಬೇಡ, ಅವರೊಬ್ಬರನ್ನೇ ಕೂರಿಸಿಕೊಂಡು ಕೇಳಿ.