ಏಪ್ರಿಲ್ ಹಿಮಕ್ಕೆ ಯಾವ ಸಲಿಕೆ: ಪ್ಲಾಸ್ಟಿಕ್ಕೋ, ಗಿಡ್ಡ ಹಿಡಿಯದೋ, ಉದ್ದ ಹಿಡಿಯದೋ?

ಏಪ್ರಿಲ್, ಮೇ ತಿಂಗಳಲ್ಲಿ ಹಿಮಾಲಯದ ಇಳಿಜಾರುಗಳಿಗೆ ಹೋಗುವವರು, ಹಿಮಕುಸಿತದಲ್ಲಿ ಹೂತವರನ್ನು ಅಗೆದು ತೆಗೆಯಲೆಂದು, ಅಲ್ಯುಮಿನಿಯಂ ಅಲಗಿನ, ಎಳೆದು ಉದ್ದ ಮಾಡುವ ಹಿಡಿಯ ಸಲಿಕೆಯನ್ನೇ ಕೊಳ್ಳಬೇಕು. ಬಾಡಿಗೆಗೆ ಸಿಕ್ಕ ಪ್ಲಾಸ್ಟಿಕ್ ಸಲಿಕೆ, ಬದಿಯಡ್ಕದ ಗೆಳೆಯನೊಬ್ಬನ ಗಿಡ್ಡ ಹಿಡಿಯ ಲೋಹದ ಸಲಿಕೆ, ಕೊನೆಗೆ ನಾನೇ ಕೊಂಡದ್ದು, ಈ ಮೂರನ್ನೂ ಮನಾಲಿಯ ಮೇಲಿನ ಕಣಿವೆಗಳಲ್ಲಿ ಬಳಸಿ ನೋಡಿ ಹೇಳುತ್ತಿದ್ದೇನೆ.

ಪ್ಲಾಸ್ಟಿಕ್ ಹಗುರ, ಅಗ್ಗ. ಜನವರಿಯ ಪುಡಿಹಿಮಕ್ಕೆ ಸಾಕಾದೀತು. ವಸಂತದ ಹಿಮದ ಸ್ವಭಾವವೇ ಬೇರೆ. ಹಗಲು ಕರಗಿದ ನೀರು ಹರಳುಗಳ ನಡುವೆ ಇಳಿಯುತ್ತದೆ. ರಾತ್ರಿ ಆಕಾಶ ಶುಭ್ರವಾಗಿದ್ದರೆ ಮೇಲ್ಮೈ ಶಾಖ ಕಳೆದುಕೊಂಡು ಕಲ್ಲಾಗುತ್ತದೆ. ನಸುಕಿನಲ್ಲಿ ನಮ್ಮನ್ನು ಹೊರುವುದು, ಇಳಿಜಾರನ್ನು ಹಿಡಿದಿಡುವುದು ಆ ಪದರವೇ. ಪ್ಲಾಸ್ಟಿಕ್ ಅಲಗು ಅದಕ್ಕೆ ತಾಗಿ ಬಾಗುತ್ತದೆ, ಪುಟಿಯುತ್ತದೆ. ಕುಸಿದು ನಿಂತ ಹಿಮದ ರಾಶಿಯಂತೂ ಇನ್ನೂ ಬಿಗಿ. ಅದರಡಿ ಹೂತವರನ್ನು ಮೊದಲ ಹತ್ತು, ಹದಿನೈದು ನಿಮಿಷಗಳೊಳಗೆ ಹೊರತೆಗೆದರೆ ಬದುಕುವ ಸಾಧ್ಯತೆ ಹೆಚ್ಚು. ಆಮೇಲೆ ಅದು ಭರ್ರನೆ ಇಳಿಯುತ್ತದೆ. ಟ್ರಾನ್ಸ್‌ಸೀವರ್ (ಹೂತವರ ಸಂಕೇತ ಹಿಡಿಯುವ ರೇಡಿಯೋ ಸಾಧನ) ಜಾಗ ತೋರಿಸುತ್ತದೆ, ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು) ಆಳ ತೋರಿಸುತ್ತದೆ, ಹೆಚ್ಚಿನ ಸಮಯವನ್ನು ನುಂಗುವುದು ಅಗೆತ. ಅಲ್ಲಿ ಬಾಗುವ ಅಲಗನ್ನು ನಾನು ಯಾರ ಕೈಗೂ ಕೊಡಲಾರೆ.

ಗೆಳೆಯನ ಸಲಿಕೆ ಗಟ್ಟಿಮುಟ್ಟು, ಕೆಡುವ ಭಾಗವೇ ಇಲ್ಲ. ಆದರೆ ಸೊಂಟ ಬಗ್ಗಿಸಿಯೇ ಅಗೆಯಬೇಕು. ಹೂತವರನ್ನು ಪ್ರೋಬಿನ ನೇರ ಕೆಳಕ್ಕೆ ಅಗೆದು ತೆಗೆಯುವುದಿಲ್ಲ. ಇಳಿಜಾರಿನ ಕೆಳಬದಿಯಲ್ಲಿ, ಹೂತ ಆಳದ ಸುಮಾರು ಒಂದೂವರೆ ಪಟ್ಟು ದೂರದಲ್ಲಿ ಶುರುಮಾಡಿ, ನಮ್ಮ ಕಾಸರಗೋಡಿನ ಬಾಯಾರು, ಎಣ್ಮಕಜೆಯವರು ನೀರಿಗಾಗಿ ಸುರಂಗ ಕೊರೆಯುವಂತೆ ಗುಡ್ಡದೊಳಕ್ಕೆ ಸಾಗಬೇಕು. ಹಿಮವನ್ನು ಎತ್ತುವುದಕ್ಕಿಂತ ಹಿಂದಕ್ಕೆ ತಳ್ಳುವುದೇ ಹೆಚ್ಚಿನ ಕೆಲಸ. ಅದಕ್ಕೆ ಉದ್ದ ಹಿಡಿ ಬೇಕೇ ಬೇಕು.

ಇನ್ನು ನನ್ನ ಸಲಿಕೆಯ ತೊಂದರೆ. ಹಿಡಿಯ ಎರಡು ಕೊಳವೆಗಳನ್ನು ಬಂಧಿಸುವುದು ಸ್ಪ್ರಿಂಗಿನ ಒಂದು ಗುಂಡಿ. ಮಧ್ಯಾಹ್ನದ ಒದ್ದೆ ಹಿಮ ಆ ತೂತಿನೊಳಗೆ ಸೇರುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಗುಂಡಿ ಒಳಗೂ ಹೋಗದು, ಹೊರಗೂ ಬಾರದು. ಕೈಗವಸು ಹಾಕಿ ಒತ್ತಲಾಗದು, ಗವಸು ಬಿಚ್ಚಿದರೆ ಅಲ್ಯುಮಿನಿಯಂನ ಚಳಿ ಕೈ ಸುಡುತ್ತದೆ. ಬಾಯಿಯಿಂದ ಊದಿದರೆ ಉಸಿರಿನ ತೇವವೂ ಅಲ್ಲೇ ಗಟ್ಟಿಯಾಗುತ್ತದೆ. ಫ್ಲಾಸ್ಕಿನ ಬಿಸಿನೀರು ಹೊಯ್ದರೆ ಬಿಡುತ್ತದೆ, ತಕ್ಷಣ ಒರೆಸದಿದ್ದರೆ ಪುನಃ ಹಿಡಿಯುತ್ತದೆ.

ಒದ್ದೆ ಹಿಮದ ಕುಸಿತ ಮಧ್ಯಾಹ್ನವೇ ಹೆಚ್ಚು, ಅಷ್ಟರಲ್ಲಿ ಗುಂಡಿ ಸಡಿಲವಾಗಿರುತ್ತದೆ ಎಂದು ಕೆಲವರು ವಾದಿಸುತ್ತಾರೆ. ಆದರೆ ಚೀಲದೊಳಗಿನ ತಣ್ಣನೆಯ ಲೋಹವೇನೂ ಗಡಿಯಾರ ನೋಡಿ ಬೆಚ್ಚಗಾಗುವುದಿಲ್ಲ. ನಾನು ಸಂಜೆ ಹಿಡಿಯನ್ನು ಬೇರ್ಪಡಿಸಿ, ಕೊಡವಿ, ಒಣ ಬೈರಾಸಿನಿಂದ ತೂತುಗಳನ್ನು ಒರೆಸಿ, ಮಲಗುವ ಚೀಲದ ಪಕ್ಕದಲ್ಲೇ ಇಡುತ್ತೇನೆ. ಬೆಳಿಗ್ಗೆ ಡೇರೆಯೊಳಗೇ ಒಮ್ಮೆ ಜೋಡಿಸಿ ನೋಡುತ್ತೇನೆ. ಇದಾದ ಮೇಲೆ ಗುಂಡಿ ಕೈಕೊಟ್ಟಿಲ್ಲ.

ಹಿಮದ ಪದರ ಎಷ್ಟು ಗಟ್ಟಿ ಎಂದು ತಿಳಿಯಲು ಹೊಂಡ ತೋಡಿ, 30 ಸೆಂ.ಮೀ. ಚೌಕದ ಕಂಬ ಕಡಿದು, ಮೇಲೆ ಅಲಗಿಟ್ಟು ಮಣಿಕಟ್ಟು, ಮೊಣಕೈ, ಭುಜಗಳಿಂದ ಹತ್ತತ್ತು ಸಲ ತಟ್ಟುವ ಪರೀಕ್ಷೆಗೂ ಚಪ್ಪಟೆ ಲೋಹದ ಅಲಗೇ ಅನುಕೂಲ. ಆದರೆ ವಸಂತದಲ್ಲಿ ಆ ಫಲಿತಾಂಶವನ್ನು ದಿನವಿಡೀ ನಂಬಬಾರದು: ಬೆಳಿಗ್ಗೆ ಆರಕ್ಕೆ ಗಟ್ಟಿಯಿದ್ದ ಪೂರ್ವದ ಮುಖ ಬಿಸಿಲೇರುತ್ತಿದ್ದಂತೆ ಕೈಬಿಡುತ್ತದೆ, ಆಮೇಲೆ ದಕ್ಷಿಣದ್ದು, ಪಶ್ಚಿಮದ್ದು. ರಾತ್ರಿ ಮೋಡ ಕವಿದಿದ್ದರೆ ಪದರ ಸರಿಯಾಗಿ ಹೆಪ್ಪುಗಟ್ಟಿರುವುದೇ ಇಲ್ಲ. ಬೂಟು ಹಿಮದಲ್ಲಿ ಹೆಚ್ಚುಹೆಚ್ಚು ಹೂತುಹೋಗತೊಡಗಿದರೆ 30 ಡಿಗ್ರಿಗಿಂತ ಕಡಿದಾದ ಇಳಿಜಾರಿನಿಂದ ನಾನು ಹಿಂದಿರುಗುತ್ತೇನೆ. ಡಿಆರ್‌ಡಿಒದ ಚಂಡೀಗಢದ ಪ್ರಯೋಗಾಲಯ ಡಿಜಿಆರ್‌ಇ ನೀಡುವ ಹಿಮಕುಸಿತ ಮುನ್ನೆಚ್ಚರಿಕೆಯನ್ನು ಹಿಂದಿನ ಸಂಜೆಯೇ ನೋಡಿಕೊಳ್ಳುವುದು ರೂಢಿ.

ನನ್ನದಕ್ಕೆ ಪ್ಲಾಸ್ಟಿಕ್ಕಿನ ಹೆಚ್ಚುಕಡಿಮೆ ದುಪ್ಪಟ್ಟು ಹಣ ಹೋಯಿತು. ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ಸಿನ ಸ್ಲೀಪರಿನಲ್ಲಿ ದೆಹಲಿಗೆ, ಅಲ್ಲಿಂದ ಬಸ್ಸಿನಲ್ಲಿ ಮನಾಲಿಗೆ ಹೋಗುವ ನನಗೆ ವಿಮಾನದ ಖರ್ಚು ಉಳಿಯುತ್ತದೆ, ಬಿಚ್ಚಿದರೆ ಸಲಿಕೆ ಬೆನ್ನಚೀಲದೊಳಗೇ ಹಿಡಿಯುತ್ತದೆ. ಹಣ ಸಾಲದವರು ಜಾಕೆಟನ್ನು ಹಳೆಯದೇ ಇಟ್ಟುಕೊಳ್ಳಲಿ. ಬಾಡಿಗೆಗೇ ಪಡೆಯುವುದಾದರೆ ಲೋಹದ್ದನ್ನು ಕೇಳಿ, ಅಂಗಡಿಯಲ್ಲೇ ಕೈಗವಸು ಹಾಕಿಕೊಂಡು ಗುಂಡಿ ಒತ್ತಿ ನೋಡಿ.