ಮೇಲ್ಮಣ್ಣಿನ ಅನೈಸೋಟ್ರೋಪಿಗೆ ತ್ರಿಘಟಕ ಜಿಯೋಫೋನ್: ಕೊಳ್ಳಬಹುದೇ?

ಜಿಯೋಫೋನ್ ಎಂದರೆ ನೆಲದ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ; ಅನೈಸೋಟ್ರೋಪಿ ಎಂದರೆ ಅಲೆಯ ವೇಗ ದಿಕ್ಕಿನಿಂದ ದಿಕ್ಕಿಗೆ ಬದಲಾಗುವುದು. ಲಂಬ ಕಂಪನವನ್ನಷ್ಟೇ ಅಳೆಯುವ ಜಿಯೋಫೋನ್‌ಗಳನ್ನು ಸಾಲಾಗಿ ನೆಟ್ಟು, ಸಾಗುವ ದಿಕ್ಕಿಗೇ ಕಂಪಿಸುವ ಪಿ ಅಲೆಯನ್ನು ನಂಬಿ ಮೇಲ್ಪದರದ ಅನೈಸೋಟ್ರೋಪಿ ಹುಡುಕುವುದು ಹೆಚ್ಚೂಕಡಿಮೆ ವ್ಯರ್ಥ ಶ್ರಮ. ನೀರು ತುಂಬಿದ ಸಡಿಲ ಮಣ್ಣಿನಲ್ಲಿ ಪಿ ಅಲೆಯ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಅದನ್ನು ನಿರ್ಧರಿಸುವುದು ಬಹುಪಾಲು ನೀರೇ. ಸಾಗುವ ದಿಕ್ಕಿಗೆ ಅಡ್ಡವಾಗಿ ಕಂಪಿಸುವ ಎಸ್ ಅಲೆಗೆ ಆ ಹಂಗಿಲ್ಲ. ನೆಟ್ಟಗಿನ ಬಿರುಕುಗಳ ನಡುವೆ ಮೇಲೇರುವಾಗ ಅದು ಎರಡಾಗುತ್ತದೆ: ಬಿರುಕಿನ ಉದ್ದಕ್ಕೆ ಕಂಪಿಸುವುದು ಮೊದಲು ಬರುತ್ತದೆ, ಅಡ್ಡಕ್ಕೆ ಕಂಪಿಸುವುದು ತಡವಾಗಿ. ಹಾಗಾಗಿ ಒಂದು ಲಂಬ, ಎರಡು ಅಡ್ಡ ಸುರುಳಿಗಳ ತ್ರಿಘಟಕ ಜಿಯೋಫೋನ್ ಈ ಕೆಲಸಕ್ಕೆ ಖಂಡಿತ ಯೋಗ್ಯ. ಆದರೆ ಎಲ್ಲ ಮಾದರಿಯೂ ಅಲ್ಲ.

ಜಿಯೋಫೋನ್‌ಗಳನ್ನು ಅವುಗಳ ಸಹಜ ಆವರ್ತನದಿಂದ ಗುರುತಿಸುತ್ತಾರೆ. 4.5 ಹರ್ಟ್ಸ್‌ನದು ಮೇಲ್ಮೈ ಅಲೆಗಳಿಗೆ ಚೆನ್ನ. ಅದರ ಅಡ್ಡ ಸುರುಳಿಯ ಸ್ಪ್ರಿಂಗ್ ಮೆದು. ಕೆಲವೇ ಡಿಗ್ರಿ ವಾಲಿದರೂ ಸುರುಳಿ ಒಂದು ಬದಿಗೆ ತಾಗಿ ಸಂಕೇತ ವಿಕಾರವಾಗುತ್ತದೆ. ಇಳಿಜಾರಿನಲ್ಲಿ ದುಡಿಯುವವರಿಗೆ 10 ಹರ್ಟ್ಸ್‌ನದೇ ವಾಸಿ. ತಲೆಯ ಮೇಲೆ ನೀರುಗುಳ್ಳೆ ಮಟ್ಟವೂ ದಿಕ್ಕಿನ ಬಾಣವೂ ಇಲ್ಲದ್ದನ್ನು ಕೊಳ್ಳಲೇಬೇಡಿ. ದಿಕ್ಕು 10 ಡಿಗ್ರಿ ತಪ್ಪಿದರೆ ಒಂದು ಅಡ್ಡ ಘಟಕದ ಸುಮಾರು 17 ಶೇಕಡಾ ಇನ್ನೊಂದಕ್ಕೆ ಸೋರುತ್ತದೆ. ಎಸ್ ಅಲೆ ಎರಡಾಗದಿದ್ದರೂ ಎರಡಾದಂತೆ ಕಾಣುತ್ತದೆ. ದಿಕ್ಸೂಚಿಯನ್ನು ಸುತ್ತಿಗೆ, ವಾಹನಗಳಿಂದ ದೂರವಿಟ್ಟೇ ನೋಡಬೇಕು.

ರೆಕಾರ್ಡರ್‌ನ ಖರ್ಚನ್ನೂ ಈಗಲೇ ಲೆಕ್ಕ ಹಾಕಿ. ಒಂದೊಂದು ಜಿಯೋಫೋನ್‌ಗೂ ಮೂರು ಚಾನೆಲ್ ಬೇಕಾದ್ದರಿಂದ, 24 ಚಾನೆಲ್ ಇದ್ದರೆ ಸಿಗುವುದು 8 ಬಿಂದುಗಳಷ್ಟೇ. 10 ಮೀಟರ್ ದಪ್ಪದ ಮಣ್ಣಿನಲ್ಲಿ ವೇಗ ಸೆಕೆಂಡಿಗೆ 200 ಮೀಟರ್ ಇದ್ದರೆ ಎಸ್ ಅಲೆಗೆ 50 ಮಿಲಿಸೆಕೆಂಡ್ ಬೇಕು. ಶೇಕಡಾ 4ರ ಅನೈಸೋಟ್ರೋಪಿ ಎಂದರೆ ಬರೀ 2 ಮಿಲಿಸೆಕೆಂಡ್ ಅಂತರ. 0.25 ಮಿಲಿಸೆಕೆಂಡಿಗೊಮ್ಮೆ ಅಳತೆ ತೆಗೆಯದ ರೆಕಾರ್ಡರ್ ಇಲ್ಲಿ ಸಾಲದು.

ಎಸ್ ಅಲೆ ಎಬ್ಬಿಸಲು ನೆಲದ ಮೇಲೆ ಹಲಗೆ ಇಟ್ಟು, ಅದರ ಮೇಲೆ ಭಾರ ಹೇರಿ ಎರಡೂ ತುದಿಗಳಿಗೆ ಹೊಡೆದು, ಒಂದರಿಂದ ಇನ್ನೊಂದನ್ನು ಕಳೆಯಿರಿ: ಪಿ ಅಳಿಯುತ್ತದೆ, ಎಸ್ ಇಮ್ಮಡಿಯಾಗುತ್ತದೆ. ಹಲಗೆಯನ್ನು 90 ಡಿಗ್ರಿ ತಿರುಗಿಸಿ ಮತ್ತೆ ಹೊಡೆದರೆ ಆಲ್ಫರ್ಡ್ ತಿರುಗಣೆಗೆ, ಅಂದರೆ ದಾಖಲೆಗಳನ್ನು ಲೆಕ್ಕದಲ್ಲೇ ತಿರುಗಿಸಿ ವೇಗದ ಮತ್ತು ನಿಧಾನದ ಎಸ್ ಅಲೆಗಳನ್ನು ಬೇರ್ಪಡಿಸುವ ವಿಧಾನಕ್ಕೆ, ಬೇಕಾದ ನಾಲ್ಕು ಘಟಕಗಳೂ (ಹೊಡೆತದ ಎರಡು ದಿಕ್ಕು, ಅಡ್ಡ ಸುರುಳಿಗಳ ಎರಡು ದಿಕ್ಕು) ಕೈಗೆ ಬರುತ್ತವೆ. ಓರೆ ಪದರವೂ ದಿಕ್ಕಿಗೊಂದು ವೇಗ ತೋರಿಸಿ ಮೋಸ ಮಾಡುತ್ತದೆ, ಆದ್ದರಿಂದ ಪ್ರತಿ ಸಾಲನ್ನೂ ಎರಡೂ ತುದಿಗಳಿಂದ ದಾಖಲಿಸಿ.

ಹಣ ಕೊಡುವ ಮೊದಲು ಎಲ್ಲ ಜಿಯೋಫೋನ್‌ಗಳನ್ನೂ ಒಂದೇ ದಿಕ್ಕಿಗೆ ಒತ್ತೊತ್ತಾಗಿ ನೆಟ್ಟು, ದೂರದಿಂದ ಒಂದು ಪೆಟ್ಟು ಹೊಡೆದು ನೋಡಿ. ಯಾವುದಾದರೂ ರೇಖೆ ತಲೆಕೆಳಗಾಗಿ ಬಂದರೆ ತಂತಿ ಅದಲುಬದಲಾಗಿದೆ.